ತೆಗೆದದ್ದರ ತಟ್ಟೆ

ಮೂಡಿಗೆರೆಯಲ್ಲಿ ಒಂದು ಮಾತಿಗೆ ಮಾತ್ರ ಯಾರೂ ಎದುರಾಡುವುದಿಲ್ಲ. ‘ಮಕ್ಕಳ ಒಳ್ಳೇದಕ್ಕೆ’ ಎಂಬ ಮಾತಿಗೆ. ಅದನ್ನು ಮುಂದಿಟ್ಟುಕೊಂಡು ಯಾರು ಏನು ಹೇಳಿದರೂ ಊರು ಕೋಲೆಬಸವನ ಹಾಗೆ ತಲೆಯಾಡಿಸುತ್ತದೆ. ಸರ್ಕಾರಕ್ಕೆ ಇದು ಗೊತ್ತಿತ್ತೋ ಇಲ್ಲವೋ, ಕಾಫಿ ಎಸ್ಟೇಟಿನ ದೇವರಾಜ ಗೌಡರಿಗಂತೂ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ಕೊನೆ, ಕಾಫಿ ಕೊಯ್ಲು ಶುರುವಾಗಿದ್ದ ಹೊತ್ತು. ಒಂದು ಸಂತೆಯ ದಿನ ಗೌಡರ ಬಿಳಿ ಕಾರು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಗಿರಿಜಾಂಬಾಳ ಸೈಬರ್ ಸೆಂಟರಿನ ಮುಂದೆ ಬಂದು ನಿಂತಿತು. ಗಲ್ಲಾದಲ್ಲಿ ಕೂತಿದ್ದ ಗಿರಿಜಾಂಬಾ ಅದನ್ನು ನೋಡಿದವಳೇ ಮಂಡಿನೋವನ್ನು ಮರೆತು ಒಳಗೆ ಓಡಿದಳು. ಮೂಲೆಯ ಕಂಪ್ಯೂಟರಿನ ಮುಂದೆ ಗೌಡರ ಸೊಸೆ ಶಾಲಿನಿ ಕೂತಿದ್ದಳು. ಅವಳು ಇಲ್ಲಿಗೆ ಬರುವ ವಿಷಯ ಮಾವನಿಗೂ ಗೊತ್ತಿರಲಿಲ್ಲ, ಗಂಡ ಶಂಕರನಿಗೂ ಗೊತ್ತಿರಲಿಲ್ಲ.

“ನಿಮ್ಮಾವ ಬಂದ್ರು. ಹಿಂದಿನ ಕೋಣೆಗೆ ಹೋಗು, ಬೇಗ,” ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಶಾಲಿನಿ ನೋವಿಗೆ ಹಲ್ಲು ಕಚ್ಚಿದಳು. ಗಿರಿಜಾಂಬಾ ಹಿಡಿದದ್ದು ಅಷ್ಟು ಜೋರಾಗಿಯೇನೂ ಅಲ್ಲ.

ಗೌಡರು ಬಂದು ಕುರ್ಚಿಯಲ್ಲಿ ಕೂತು, ಬಾಯ್ತುಂಬ ಮಾತಾಡಿದರು. ಮನುಷ್ಯ ಹಾಗೇ, ಆಳುಕಾಳುಗಳನ್ನೂ ಹೋಗಿ-ಬನ್ನಿ ಎನ್ನುವವರು, ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಸರ್ಕಾರ ಹೊಸ ಯೋಜನೆ ತಂದಿದೆಯಂತೆ. ಸೈಬರ್ ಅಂಗಡಿಗಳಿಗೆಲ್ಲ ಒಂದೊಂದು ಪೆಟ್ಟಿಗೆ ಕೂರಿಸುತ್ತಾರಂತೆ. ಇಂಟರ್ನೆಟ್ಟಿನಲ್ಲಿ ಬರುವುದೆಲ್ಲ ಅದರೊಳಗೆ ಹಾದು ಬರಬೇಕು, ಹೊಲಸು ಅಲ್ಲೇ ನಿಲ್ಲುತ್ತದೆ. ಮೊದಲು ಮೂಡಿಗೆರೆಯಲ್ಲಿ ಪ್ರಯೋಗ, ಆಮೇಲೆ ಎಲ್ಲ ಕಡೆ. ಊರಿನ ಕಮಿಟಿಗೆ ಅವರೇ ಅಧ್ಯಕ್ಷರು. ಸುತ್ತಿನ ಅಂಗಡಿಯವರೆಲ್ಲ ಒಪ್ಪಿ ಸಹಿ ಹಾಕಿ ಆಗಿದೆ.

“ಮಕ್ಕಳ ಒಳ್ಳೇದಕ್ಕೆ ಗಿರಿಜಮ್ಮ,” ಎಂದರು ಕೊನೆಗೆ.

“ಯಾವುದು ಹೊಲಸು ಅಂತ ಹೇಳೋರು ಯಾರು ಗೌಡ್ರೇ?”

“ನಾವೇ. ಕಮಿಟಿ.”

“ಏನೇನು ತೆಗೆದು ಬಿಸಾಕಿದ್ರಿ ಅಂತ ನಮಗೆ ಗೊತ್ತಾಗ್ತದಾ?”

ಗೌಡರು ನಕ್ಕರು. “ಕಸ ಗುಡಿಸಿದ ಮೇಲೆ ಕಸ ಯಾರಾದ್ರೂ ನೋಡ್ತಾರಾ?”

ಆ ನಗು ಗಿರಿಜಾಂಬಾಳಿಗೆ ನಾಟಿತು. ಆ ಅಂಗಡಿ ಒಂದು ಕಾಲಕ್ಕೆ ಅವಳ ಮಾವ ಪರಮೇಶ್ವರಪ್ಪನವರ ಕಾಫಿ ಮಂಡಿ. ಬೆಳೆಗಾರ ಪಾರ್ಚ್‌ಮೆಂಟಿನ, ಅಂದರೆ ಒಳಸಿಪ್ಪೆ ಇನ್ನೂ ಬಿಡಿಸದ ಕಾಫಿ ಬೀಜದ, ಚೀಲ ತಂದರೆ ಅವರು ಹಿಡಿಯಷ್ಟು ತೆಗೆದು, ಕೈಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಜರಡಿಯಾಡಿಸಿ, ಕಪ್ಪು ಬೀಜ, ಚೂರು, ಹುಳು ಕೊರೆದದ್ದನ್ನೆಲ್ಲ ಆರಿಸಿ ಒಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಹಾಕುತ್ತಿದ್ದರು. ಆ ತಟ್ಟೆಯನ್ನು ಬೆಳೆಗಾರನ ಮುಂದಿಟ್ಟು, ಅವನು ಕಣ್ಣಾರೆ ನೋಡಿದ ಮೇಲೆಯೇ ರೇಟಿನ ಮಾತು. ‘ತೆಗೆದದ್ದನ್ನ ತೋರಿಸದವನ ಹತ್ರ ಮಾಲು ಹಾಕಬೇಡ’ ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿದ್ದ ಮಾತು. ಮಾವ ಹೋದರು, ಗಂಡನೂ ಹೋದ. ಮಂಡಿ ಮುಚ್ಚಿ ಕಂಪ್ಯೂಟರ್ ಇಟ್ಟರೂ ಗಿರಿಜಾಂಬಾ ಆ ಜರಡಿ ತಟ್ಟೆಗಳನ್ನು ಹಿಂದಿನ ಕೋಣೆಯಲ್ಲಿ ಹಾಗೇ ಇಟ್ಟುಕೊಂಡಿದ್ದಳು.

ಗೌಡರ ಕಾರು ಹೋದ ಮೇಲೆ ಹಿಂದಿನ ಕೋಣೆಗೆ ಹೋದರೆ ಶಾಲಿನಿ ಜರಡಿಗಳ ನಡುವೆ ಮುದುರಿ ಕೂತಿದ್ದಳು. ಗಿರಿಜಾಂಬಾ ಅವಳ ಸ್ವೆಟರಿನ ತೋಳು ಮೇಲೆ ಸರಿಸಿದಳು. ಒಂದು ಕಲೆ ಹಳದಿಗೆ ತಿರುಗಿತ್ತು, ಇನ್ನೊಂದು ಹೊಸದು.

“ನಿನ್ನ ಗಂಡಾನೇನಾ?”

“ಹ್ಞೂಂ. ಮಾವನೋರು ಪಕ್ಕದ ರೂಮಲ್ಲೇ ಇರ್ತಾರೆ. ರೇಡಿಯೋ ಜೋರು ಮಾಡ್ತಾರೆ, ಅಷ್ಟೇ.”

ಆಮೇಲೆ ಎಲ್ಲ ಹೇಳಿಕೊಂಡಳು. ಬಂಗಲೆಯ ಫೋನು ಮಾವನ ಕೋಣೆಯಲ್ಲಿದೆ. ಟಪಾಲು ಮೊದಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೈಗೆ, ಅಲ್ಲಿಂದ ಮಾವನ ಮೇಜಿಗೆ. ತೌರಿಗೆ ಹೋಗಿ ಹೇಳಿದರೆ ಅಪ್ಪ ಎರಡು ದಿನ ಊಟ ಹಾಕಿ ತಾನೇ ಕರೆತಂದು ಬಿಟ್ಟು ಹೋದರು. ಸ್ವೆಟರ್ ಡಿಸೈನ್ ನೋಡಲು ಮೊದಲ ಸಲ ಇಲ್ಲಿ ಕೂತಾಗ ಬೆಂಗಳೂರಿನ ಹೆಂಗಸರ ಆಶ್ರಯವೊಂದು ಕಣ್ಣಿಗೆ ಬಿತ್ತು. ಅದರ ವಿಳಾಸ, ಫೋನು ಯಾವುದನ್ನೂ ಅವರು ಹೊರಗೆ ಕೊಡುವುದಿಲ್ಲ. ಗಂಡಂದಿರು ಹುಡುಕಿಕೊಂಡು ಬರುತ್ತಾರಲ್ಲ. ಆ ತಾಣದ ಒಳಗೇ ಒಂದು ಹೆಸರು ಇಟ್ಟುಕೊಂಡು ಬರೆಯಬೇಕು, ಅಲ್ಲೇ ಉತ್ತರ ಓದಬೇಕು. ಮಗನನ್ನೂ ಕರೆದುಕೊಂಡು ಬಾ, ಜಾಗ ಮಾಡುತ್ತೇವೆ ಎಂದಿದ್ದಾರೆ. ಯಾವ ದಿನ, ಎಲ್ಲಿ ಗಾಡಿ ಬರುತ್ತದೆ ಎಂಬ ಒಂದು ಉತ್ತರ ಬರಬೇಕಷ್ಟೇ. ಸಂತೆಯ ದಿನ ಮಾತ್ರ ಹೊರಗೆ ಬರುತ್ತೇನೆ ಎಂದು ಇವಳು ಬರೆದಿದ್ದಾಳೆ.

“ತನ್ಮಯ್‌ನ ಬಿಟ್ಟು ನಾನೊಬ್ಬಳೇ ಹೋಗಲ್ಲ ಗಿರಿಜಮ್ಮ. ಅವರ ವಂಶಕ್ಕೆ ಇರೋನು ಅವನೊಬ್ನೇ. ಗೊತ್ತಾದ್ರೆ ಮಗೂನ ಕಿತ್ಕೊಂಡು ನನ್ನ ಏನು ಮಾಡ್ತಾರೋ ಹೇಳಕ್ಕಾಗಲ್ಲ.” ಅವಳು ಆ ತಾಣದ ಹೆಸರು, ತಾನು ಇಟ್ಟುಕೊಂಡ ಹೆಸರು, ಅದನ್ನು ತೆರೆಯುವ ಗುಟ್ಟಿನ ಅಕ್ಷರ ಎಲ್ಲವನ್ನೂ ಗಿರಿಜಾಂಬಾಳಿಗೆ ಬಾಯಿಪಾಠ ಮಾಡಿಸಿದಳು. “ನಾನು ಬರದೇ ಹೋದ್ರೆ ನೀವು ನೋಡಿ.”

ಗಿರಿಜಾಂಬಾ ಒಪ್ಪಿಗೆಗೆ ಸಹಿ ಹಾಕಲಿಲ್ಲ.

ಎರಡೇ ದಿನದಲ್ಲಿ ಮೈದುನ ಷಡಕ್ಷರಿ ಬಂದ. ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಊರಿನ ಗಾಳಿ ಎತ್ತ ಬೀಸಿದರೂ ಮೊದಲು ಅವನ ಕಿವಿಗೆ ತಾಗುತ್ತದೆ. “ಅತ್ತಿಗೆ, ನಿಮಗ್ಯಾಕೆ ಬೇಕು ಈ ಉಸಾಬರಿ? ಹೊಲಸು ಬೇಡ ಅಂದ್ರೆ ಬೇಡ ಅನ್ನೋರು ಯಾರು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗ್ತದೆ. ಊರೆಲ್ಲ ಆಗ್ಲೇ ಆಡ್ಕೊಳ್ತಿದೆ, ಗಿರಿಜಮ್ಮನ ಅಂಗಡೀಲಿ ಏನೋ ನಡೀತದೆ ಅಂತ.”

“ಏನು ನಡೀತದಂತೆ?”

“ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ.”

ನಿಜ ಹೇಳಿದರೆ ಎಲ್ಲರ ಬಾಯಿ ಮುಚ್ಚಿಸಬಹುದಿತ್ತು. ನಿಜ ಹೇಳುವಂತಿರಲಿಲ್ಲ. ಅದು ಗೌಡರ ಬಂಗಲೆಯ ನಿಜ. ಗಿರಿಜಾಂಬಾ ನಾಲಿಗೆ ಕಚ್ಚಿಕೊಂಡು ಕೂತಳು, ಊರು ಅದನ್ನೇ ತಪ್ಪೊಪ್ಪಿಗೆ ಎಂದು ಓದಿಕೊಂಡಿತು. ಕಂಪ್ಯೂಟರ್ ಕಲಿಯಲು ಬರುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನಿಂತರು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಟಾರು ಬಳಿದಿತ್ತು. ಆಮೇಲೆ ಎದುರಿನ ಕಟ್ಟೆಯ ಮೇಲೆ ಒಬ್ಬ ಪೋಲೀಸಿನವನು ಬಂದು ಕೂರತೊಡಗಿದ. ಅವನು ಏನೂ ಕೇಳುತ್ತಿರಲಿಲ್ಲ, ಟೀ ಕುಡಿಯುತ್ತ ಅಂಗಡಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡುತ್ತಿದ್ದ. ಟೀ ಯಾರ ಲೆಕ್ಕದ್ದು ಎಂದು ಹೋಟೆಲಿನವನನ್ನು ಕೇಳಿದರೆ ಅವನು ಮುಖ ತಿರುಗಿಸಿ ಗ್ಲಾಸು ತೊಳೆದ.

ಸಹಿ ಇಲ್ಲದಿದ್ದರೂ ಪೆಟ್ಟಿಗೆ ಬಂದೇ ಬಂತು. ಸಾರ್ವಜನಿಕರ ಸಭೆ ಆಗುವ ತನಕ ಪ್ರಯೋಗ, ಅದೂ ಒಪ್ಪದವರ ಅಂಗಡಿಯಲ್ಲೇ ಮೊದಲು ಎಂದು ಕಮಿಟಿ ತೀರ್ಮಾನಿಸಿತ್ತು. ಬೆಂಗಳೂರಿನ ಕಂಪನಿಯ ಎಂಜಿನಿಯರ್ ಬಂದು ಗೋಡೆಗೆ ಕಪ್ಪು ಪೆಟ್ಟಿಗೆ ಹೊಡೆದು, ಅದಕ್ಕೆ ಅರಗಿನ ಮುದ್ರೆ ಒತ್ತಿ ಹೋದ. ಅದರಲ್ಲಿ ಒಂದು ಹಸಿರು ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಕರೆಂಟು ಹೋದರೂ ಆರುತ್ತಿರಲಿಲ್ಲ, ಒಳಗೆ ಬ್ಯಾಟರಿ ಇತ್ತಂತೆ. ಗಿರಿಜಾಂಬಾ ಗಲ್ಲಾದಲ್ಲಿ ಅದಕ್ಕೆ ಬೆನ್ನು ಹಾಕಿ ಕೂರಲು ಶುರುಮಾಡಿದಳು. ಬೆನ್ನು ಹಾಕಿದರೆ ಇನ್ನೂ ಕಿರಿಕಿರಿ.

ಮುಂದಿನ ಸಂತೆಗೆ ಶಾಲಿನಿ ಬಂದಳು. ಅವತ್ತು ಮಗನನ್ನೂ ಕರೆತಂದಿದ್ದಳು. ಸಂತೆಯ ಬಳಿ ಜೀಪು ನಿಲ್ಲಿಸಿದ ಡ್ರೈವರ್ ಸುಬ್ಬಣ್ಣನಿಗೆ ತರಕಾರಿ ಚೀಟಿ ಕೊಟ್ಟು, ಹಿಂದಿನ ಓಣಿಯಿಂದ ಪೋಲೀಸಿನವನ ಕಣ್ಣಿಗೆ ಬೀಳದ ಹಾಗೆ ಒಳಗೆ ಸೇರಿದಳು. ಮೂಲೆಯ ಕಂಪ್ಯೂಟರಿನಲ್ಲಿ ಆ ತಾಣ ಒತ್ತಿದರೆ ಬಿಳಿ ಪರದೆಯ ಮೇಲೆ ‘ಅನುಮತಿ ಇಲ್ಲ’ ಎಂದು ಬಂತು. ತಾನು ಅಲ್ಲಿ ಇಟ್ಟುಕೊಂಡ ಹೆಸರನ್ನೂ ಸೇರಿಸಿ ಮತ್ತೆ ಒತ್ತಿದಳು. ಬೇರೆ ದಾರಿಯಿಂದ ಹುಡುಕಿದಳು. ಹೊಡೆಯುವ ಗಂಡನ ಮೇಲೆ ಹೊಸದಾಗಿ ಬಂದ ಕಾನೂನು ಏನೆಂದು ಓದಲು ಹೋದಳು, ಅದೂ ಇಲ್ಲ. ಕುಟುಂಬ ಒಡೆಯುವಂಥದ್ದೆಲ್ಲ ಬೇಡ ಎಂದು ಕಮಿಟಿ ಹೇಳಿತ್ತೆಂದು ಆಮೇಲೆ ಗೊತ್ತಾಯಿತು. ಹುಡುಗಿ ಬೆವರುತ್ತ ಒಂದೇ ಸಮ ಒತ್ತುತ್ತಲೇ ಇದ್ದಳು. ತನ್ಮಯ್ ಅವಳ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ಹಸಿರು ದೀಪ ನೋಡುತ್ತಿದ್ದ.

ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಒಬ್ಬ ಅಪರಿಚಿತ ಹೆಂಗಸು. ಕೈಮಗ್ಗದ ಸೀರೆ, ಕತ್ತರಿಸಿದ ಕೂದಲು. ಹಿಂದೆ ಬಸ್ ಸ್ಟ್ಯಾಂಡಿನ ಪಕ್ಕ ಒಂದು ನೀಲಿ ವ್ಯಾನು. ಕುಡಿಯಲು ನೀರು ಕೇಳಿದಳು. ಕುಡಿಯುತ್ತ ಅಂಗಡಿಯ ಒಳಗೆಲ್ಲ ಕಣ್ಣಾಡಿಸಿ, “ಇಲ್ಲಿ ಹೆಂಗಸರು ಯಾರಾದರೂ ಬರ್ತಾರಾ, ಕಂಪ್ಯೂಟರ್ ನೋಡೋಕೆ?” ಎಂದಳು.

ಕಮಿಟಿಯವರು ಈಗ ಹೆಂಗಸರನ್ನೂ ಕಳಿಸಿ ಗೂಢಚಾರಿಕೆ ಶುರುಮಾಡಿದರಲ್ಲ, ಎಂದುಕೊಂಡಳು ಗಿರಿಜಾಂಬಾ. “ಯಾರೂ ಬರಲ್ಲ. ಬರೀ ಹುಡುಗ್ರು. ನೀರು ಕುಡಿದ್ರಲ್ಲ, ಹೊರಡಿ,” ಎಂದು ಗ್ಲಾಸು ಕಿತ್ತುಕೊಂಡಳು. ಹೆಂಗಸು ಕಟ್ಟೆಯ ಮೇಲಿನ ಪೋಲೀಸಿನವನನ್ನು ಒಮ್ಮೆ ನೋಡಿ ಹೊರಟುಹೋದಳು. ಮರದ ಅಡ್ಡಗೋಡೆಯ ಹಿಂದೆ ಶಾಲಿನಿ ಮಗನನ್ನು ಅವಚಿಕೊಂಡು ಕೂತಿದ್ದಳು. ಅವಳನ್ನು ಕಾಪಾಡಿದೆನೆಂದು ಗಿರಿಜಾಂಬಾಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಹೊರಡುವಾಗ ಶಾಲಿನಿ ಕೇಳಿದಳು. “ಚಿಕ್ಕಮಗಳೂರಲ್ಲಿ ಪೆಟ್ಟಿಗೆ ಹಾಕಿಲ್ವಂತೆ. ನೀವೊಂದ್ಸಲ ಹೋಗಿ ನೋಡ್ಕೊಂಡು ಬರ್ತೀರಾ?”

“ಸಭೆ ಆಗ್ಲಿ ತಡಿ ಮಾರಾಯ್ತಿ. ಕದ್ದು ಯಾಕೆ ನೋಡ್ಬೇಕು? ಎಲ್ಲರ ಮುಂದೆ ಈ ಪೆಟ್ಟಿಗೇನ ಇಲ್ಲೇ ಕೀಳಿಸ್ತೀನಿ.”

ಗಿರಿಜಾಂಬಾಳ ಸ್ವಭಾವವೇ ಅದು. ಅವಮಾನವಾದ ಜಾಗದಲ್ಲೇ ಗೆಲ್ಲಬೇಕು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಹೋಗಿಬರುವುದು ಅವಳಿಗೆ ಸೋಲಿನ ಹಾಗೆ ಕಂಡಿತು.

ಸಭೆಯ ದಿನ ಅವಳು ಹಣೆಗೆ ವಿಭೂತಿ ಹಚ್ಚಿ, ಮಾವನ ಅಲ್ಯೂಮಿನಿಯಂ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಪೇಟೆಯವರು, ಬೆಳೆಗಾರರು, ಮೇಷ್ಟ್ರುಗಳು, ಎಲ್ಲ ಸೇರಿ ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಗೌಡರು, ಸರ್ಕಾರದ ಅಧಿಕಾರಿ, ಆ ಎಂಜಿನಿಯರ್. ವಿರೋಧ ಇರುವವರು ಮಾತಾಡಬಹುದು ಎಂದಾಗ ಎದ್ದವಳು ಇವಳೊಬ್ಬಳೇ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು.

“ಹೊಲಸು ಇರ್ಲಿ ಅಂತ ನಾನು ಹೇಳ್ತಿಲ್ಲ,” ಎಂದು ಶುರುಮಾಡಿದಳು. “ಇಲ್ಲಿ ಕೂತೋರು ಅರ್ಧ ಜನ ನಮ್ಮಾವನ ಹತ್ರ ಕಾಫಿ ಹಾಕ್ದೋರು. ಜರಡಿ ಆಡಿಸಿದ ಮೇಲೆ ಅವರೇನು ಮಾಡ್ತಿದ್ರು?” ತಟ್ಟೆಯನ್ನು ಎತ್ತಿ ಹಿಡಿದಳು. “ಇದನ್ನ ನಿಮ್ಮ ಮುಂದೆ ಇಡ್ತಿದ್ರೋ ಇಲ್ವೋ? ತಟ್ಟೆ ತೋರಿಸ್ದೆ ಕಪ್ಪು ಬೀಜ ಇಷ್ಟು ಹೋಯ್ತು ಅಂದಿದ್ರೆ ನೀವು ಬಿಡ್ತಿದ್ರಾ? ಗೋಡೆಗೆ ಪೆಟ್ಟಿಗೆ ಹೊಡೆದು ಅರಗು ಹಾಕಿದಾರೆ. ಏನು ತೆಗೀತಾರೆ, ಒಳ್ಳೇ ಬೀಜಾನೂ ತೆಗೀತಾರಾ, ಯಾರಿಗೆ ಗೊತ್ತು? ಮೊದಲು ತಟ್ಟೆ ತೋರಿಸಿ. ತೋರಿಸಕ್ಕಾಗಲ್ಲ ಅಂದ್ರೆ ಪೆಟ್ಟಿಗೆ ಕಿತ್ಕೊಂಡು ಹೋಗಿ!”

ಒಬ್ಬ ಮುದಿ ಬೆಳೆಗಾರ, “ಆಯಮ್ಮ ಹೇಳೋದು ಸರಿ ಕಣ್ರೀ, ತಟ್ಟೆ ತೋರಿಸ್ಬೇಕು,” ಎಂದ. ಇನ್ನೊಬ್ಬ ಮೇಜು ಕುಟ್ಟಿದ. ನೋಡನೋಡುತ್ತ ಇಡೀ ಹಾಲ್ ‘ತಟ್ಟೆ ತೋರಿಸಿ’ ಎನ್ನತೊಡಗಿತು. ಷಡಕ್ಷರಿ ಕೂಡ ಚಪ್ಪಾಳೆ ತಟ್ಟಿದ. ಇಷ್ಟು ದಿನ ಮುಖ ತಿರುಗಿಸಿದ ಊರು ತನ್ನ ಹಿಂದೆ ನಿಂತಿತೆಂದು ಗಿರಿಜಾಂಬಾ ತಟ್ಟೆಯನ್ನು ಇನ್ನೂ ಮೇಲೆತ್ತಿದಳು. ತೋರಿಸಲಾಗದೆ ಒದ್ದಾಡುತ್ತಾರೆ, ಇವತ್ತಿಗೆ ಮುಗಿಯಿತು ಎಂದುಕೊಂಡಳು.

ಎಂಜಿನಿಯರ್ ಗೌಡರ ಕಡೆ ಬಗ್ಗಿ ಏನೋ ಹೇಳಿದ. ಗೌಡರು ಮುಗುಳ್ನಕ್ಕು, “ಜನ ಕೇಳ್ತಿದಾರಲ್ಲ, ತೋರಿಸಿ,” ಎಂದರು.

“ತೋರಿಸ್ಬಹುದು ಸರ್. ತಡೆದದ್ದೆಲ್ಲ ಒಳಗೆ ಉಳೀತದೆ. ಏನು, ಯಾವ ಕಂಪ್ಯೂಟರ್, ಯಾವಾಗ, ಎಲ್ಲ,” ಎಂದ ಹುಡುಗ. ಅವನಿಗೆ ತನ್ನ ಯಂತ್ರದ ಮೇಲೆ ಅಭಿಮಾನ. ಲ್ಯಾಪ್‌ಟಾಪ್ ತೆರೆದು ಗೋಡೆಯ ಮೇಲೆ ಬೆಳಕು ಬಿಟ್ಟ. “ಪ್ರಯೋಗ ಮಾಡಿದ್ದು ಇವರ ಅಂಗಡೀಲೇ. ಅದನ್ನೇ ತೋರಿಸ್ತೀನಿ.”

ಗಿರಿಜಾಂಬಾ ತಟ್ಟೆಯನ್ನು ಕೆಳಗಿಳಿಸಿದಳು. ಕಾಫಿ ಬೀಜಕ್ಕೆ ಹೆಸರಿಲ್ಲ, ಅದನ್ನು ತಂದು ಸುರಿದವನೇ ಎದುರಿಗೆ ಕೂತು ನೋಡುತ್ತಾನೆ. ಇದು ಅದಲ್ಲ ಎಂದು ಅವಳಿಗೆ ಹೊಳೆದದ್ದು ಆಗ. “ಬೇಡ,” ಎಂದಳು. “ಬೇಡಪ್ಪಾ, ನಿಲ್ಸು. ನಂಗೆ ತಟ್ಟೆ ಬೇಡ!” ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಎಂಜಿನಿಯರ್ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದತೊಡಗಿದ. ಹುಡುಗರು ನೋಡಲು ಹೋದದ್ದು ಒಂದೆರಡು, ಜನ ನಕ್ಕರು. ಆಮೇಲೆ, “ಸಂತೆ ದಿನ, ಮೂಲೆ ಕಂಪ್ಯೂಟರ್. ಹೊಡೆಯುವ ಗಂಡನ ಮೇಲೆ ಕೇಸು ಹಾಕುವುದು ಹೇಗೆ.” ಜೋರು ನಗು. “ಹೆಂಗಸರ ಆಶ್ರಯ. ಅದೇ ಮತ್ತೆ. ಅದೇ ಮತ್ತೆ. ಆ ತಾಣಕ್ಕೆ ಹೋಗಲು ಒತ್ತಿದ ಹೆಸರೂ ಇದೆ ನೋಡಿ ಸರ್, ತನ್ಮಯ್ ಅಮ್ಮ.”

ಹಿಂದಿನ ಸಾಲುಗಳು ಇನ್ನೂ ನಗುತ್ತಿದ್ದವು. ಮುಂದಿನ ಸಾಲಿನಲ್ಲಿ ಗೌಡರ ಮೊಮ್ಮಗನ ನಾಮಕರಣದಲ್ಲಿ ಉಂಡವರು ಕೂತಿದ್ದರು. ಅವರು ನಗಲಿಲ್ಲ, ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಗೌಡರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಸಭೆ ಮುಗಿಸುವ ಮಾತನ್ನು ಅವರೇ ಆಡಿದರು. ಗಿರಿಜಮ್ಮನವರ ಸಲಹೆಯಂತೆ ತಡೆದದ್ದನ್ನೆಲ್ಲ ಇನ್ನು ಮುಂದೆ ಎಲ್ಲ ಊರಿನಲ್ಲೂ ಕಮಿಟಿಯ ಮುಂದೆ ಇಡತಕ್ಕದ್ದು ಎಂದು ಸೇರಿಸಿ ಯೋಜನೆಗೆ ಒಪ್ಪಿಗೆ ಕೊಟ್ಟರು. ಚಪ್ಪಾಳೆ ಬಿತ್ತು. ಆಮೇಲೆ ಕೆಳಗಿಳಿದು ಬಂದು ಅವಳ ಮುಂದೆ ನಿಂತು ಕೈಮುಗಿದರು.

“ನಿಮ್ಮಾವನ ಪದ್ಧತಿ ಒಳ್ಳೇದು ಗಿರಿಜಮ್ಮ. ತೆಗೆದದ್ದನ್ನ ಯಜಮಾನನಿಗೆ ತೋರಿಸ್ಬೇಕು. ತೋರಿಸಿದ್ರಿ,” ಎಂದರು. ದನಿ ಎಂದಿನ ಹಾಗೇ ಮೆತ್ತಗಿತ್ತು. ಕಾರು ಬಂಗಲೆಯಿರುವ ದೇವರಮನೆ ದಾರಿ ಹಿಡಿಯಿತು.

ಗಿರಿಜಾಂಬಾ ಅಂಗಡಿಗೆ ಓಡಿಬಂದು ಬಂಗಲೆಗೆ ಫೋನು ಮಾಡಿದಳು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಾಗ ಶಂಕರ ಎತ್ತಿದ. ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು. “ಶಾಲಿನಿ ಬೇಕಿತ್ತಾ? ಅವಳಿನ್ನು ಸಂತೆಗೆ ಬರಲ್ಲ,” ಎಂದ. ಅವನ ಹಿಂದೆ ಯಾರೋ ರೇಡಿಯೋ ಹಾಕಿದರು. ಅದು ಜೋರಾಯಿತು, ಇನ್ನೂ ಜೋರಾಯಿತು, ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಗಂಟೆಯೇ ಹೋಗಲಿಲ್ಲ.

ಎದುರಿನ ಕಟ್ಟೆಯ ಪೋಲೀಸಿನವನ ಹತ್ತಿರ ಹೋಗಿ ಹೇಳಿದಳು, ಬಂಗಲೆಯಲ್ಲಿ ಹೆಣ್ಣುಮಗಳಿಗೆ ಹೊಡೀತಿದಾರೆ ಎಂದು. ಅವನು ಟೀ ಕೆಳಗಿಟ್ಟು ಎದ್ದು ನಿಂತ. “ಯಾರ ಮನೆ ವಿಷಯ ಮಾತಾಡ್ತಿದೀರ ಅಂತ ಗೊತ್ತಾ ನಿಮಗೆ?” ಎಂದ. ಷಡಕ್ಷರಿ ಅಂಗಡಿಯ ಬಾಗಿಲು ಎಳೆದುಕೊಂಡ. ಊರು ಮಕ್ಕಳ ಒಳ್ಳೇದಕ್ಕೆ ಚಪ್ಪಾಳೆ ತಟ್ಟಿ ಮನೆ ಸೇರಿ ಆಗಿತ್ತು.

ಬೆಳಿಗ್ಗೆಯ ಮೊದಲ ಬಸ್ಸಿಗೆ ಅವಳು ಚಿಕ್ಕಮಗಳೂರಿಗೆ ಹೋದಳು. ಊರಿನವರಿಗೆ ಆಗದಿದ್ದರೆ ಆ ಆಶ್ರಯದವರನ್ನಾದರೂ ಕರೆಯಬೇಕು. ಮಾರ್ಕೆಟ್ ರಸ್ತೆಯ ಸೈಬರ್ ಅಂಗಡಿಯಲ್ಲಿ ಕೂತು, ಬಾಯಿಪಾಠ ಮಾಡಿದ್ದ ಹೆಸರನ್ನು ಒಂದೇ ಬೆರಳಿನಲ್ಲಿ ಒತ್ತಿದಳು. ತಾಣ ತೆರೆಯಿತು. ಎರಡು ಉತ್ತರ ಬಂದು ಕೂತಿದ್ದವು, ಎರಡೂ ಕನ್ನಡದಲ್ಲಿ.

ಮೊದಲನೆಯದು ಪೆಟ್ಟಿಗೆ ಬಂದ ಮರುದಿನದ್ದು. ‘ಈ ಸಂತೆಯ ದಿನವೇ ಬರುತ್ತೇವೆ. ಬಸ್ ಸ್ಟ್ಯಾಂಡಿನ ಪಕ್ಕ ನೀಲಿ ವ್ಯಾನು. ಮಗನನ್ನು ಕರೆದುಕೊಂಡು ಬನ್ನಿ, ಬಟ್ಟೆಬರೆ ಏನೂ ಬೇಡ. ನಿಮ್ಮಿಂದ ಉತ್ತರ ಬರದಿದ್ದರೂ ಬರುತ್ತೇವೆ.’

ಎರಡನೆಯದು ಸಂತೆಯ ರಾತ್ರಿಯದ್ದು. ‘ಕತ್ತಲಾಗುವ ತನಕ ಕಾದೆವು. ನೀವು ಹೇಳಿದ ಸೈಬರ್ ಅಂಗಡಿಯಲ್ಲೂ ಕೇಳಿದೆವು. ಹೆಂಗಸರು ಯಾರೂ ಬರುವುದಿಲ್ಲ ಎಂದರು.’

ಗಿರಿಜಾಂಬಾಳಿಗೆ ಅಕ್ಷರಗಳು ಕಲಸಿಹೋದವು. ನೀರಿನ ಗ್ಲಾಸನ್ನು ಆ ಹೆಂಗಸಿನ ಕೈಯಿಂದ ಕಿತ್ತುಕೊಂಡದ್ದು ತಾನೇ. ಆಗ ಶಾಲಿನಿಗೂ ಮಗುವಿಗೂ ಆ ವ್ಯಾನಿಗೂ ನಡುವೆ ಇದ್ದದ್ದು ಒಂದು ಮರದ ಅಡ್ಡಗೋಡೆ, ಒಂದು ರಸ್ತೆ.

“ಸ್ವಲ್ಪ ಏಳಿ ಅಮ್ಮ,” ಎಂದಿತು ಹಿಂದಿನಿಂದ ಒಂದು ದನಿ. ತಿರುಗಿದರೆ ಅದೇ ಎಂಜಿನಿಯರ್, ಬಗಲಲ್ಲಿ ಹೊಸ ಪೆಟ್ಟಿಗೆ. ಅವಳ ಗುರುತು ಹಿಡಿದು ಅವನ ಮುಖ ಅರಳಿತು. “ಓ, ನೀವಾ! ನಿಮ್ಮ ಮಾತಿಂದ ಬೇಗ ಪಾಸಾಯ್ತು ನೋಡಿ. ಇವತ್ತಿಂದ ಇಲ್ಲೂ ಹಾಕ್ತಿದೀವಿ. ಲೈನು ಆಫ್ ಮಾಡ್ಬೇಕು, ಏಳ್ತೀರಾ?”

“ತಡಿಯಪ್ಪಾ,” ಎಂದಳು ಗಿರಿಜಾಂಬಾ. ಬಲಗೈಯ ತೋರುಬೆರಳಿನಿಂದ ಆಶ್ರಯದವರ ಆ ಉತ್ತರದ ಕೆಳಗೆ ಬಂಗಲೆಯ ವಿಳಾಸ ಒತ್ತತೊಡಗಿದಳು. ಇಂಗ್ಲಿಷ್ ಅಕ್ಷರಗಳು ಕೀಲಿಗಳ ನಡುವೆ ಎಲ್ಲೆಲ್ಲೋ ಅಡಗಿದ್ದವು, ಒಂದೊಂದನ್ನೇ ಹುಡುಕಬೇಕಿತ್ತು. ಹುಡುಗ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ವೈರಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕಾದ.